ಬಿ-3, ಇರ್ವಿನ್, ಡಿ-1: ಹೂವಿನ ಬೈಕಿನ ಹುಡುಗನಿಗೆ ಯಾವ ಜಾಕೆಟ್?

ಹೋದ ಡಿಸೆಂಬರಿನಲ್ಲಿ ಹಿರಿಯೂರು ಕಡೆಯ ಒಬ್ಬ ಓದುಗ ನಮಗೆ ವಾಟ್ಸಾಪಿನಲ್ಲಿ ಮೂರು ಫೋಟೋ ಕಳಿಸಿದ. ವಯಸ್ಸು 20. ಬೆಳಗಿನ ಜಾವ ಮೂರೂವರೆಗೆ ಊರಿನ ಸೇವಂತಿಗೆ ಹೂವನ್ನು ಬೈಕಿಗೆ ಕಟ್ಟಿಕೊಂಡು ಮಾರುಕಟ್ಟೆಗೆ ಮುಟ್ಟಿಸುವುದು ಅವನ ಕೆಲಸ. ಮಾರುಕಟ್ಟೆ ಮುಟ್ಟುವ ಹೊತ್ತಿಗೆ ಎದೆ ಮರಗಟ್ಟಿರುತ್ತದಂತೆ, ಗಂಟು ಬಿಚ್ಚಲು ಬೆರಳು ಬಗ್ಗುವುದಿಲ್ಲವಂತೆ.

ಮೂರು ಫೋಟೋಗಳೂ ಜಾಕೆಟ್ಟಿನವು. ಕಂದು ಬಣ್ಣದ ಚರ್ಮ, ಕಾಲರಿನಿಂದ ಇಣುಕುವ ಬಿಳಿ ಉಣ್ಣೆ, ಯುದ್ಧದ ಸಿನಿಮಾಗಳಲ್ಲಿ ಪೈಲಟ್‌ಗಳು ಹಾಕುತ್ತಾರಲ್ಲ, ಅಂಥವು. ಮೊದಲನೆಯದು ಶಾಪಿಂಗ್ ಆ್ಯಪಿನದು: ‘ಬಿ-3 ಬಾಂಬರ್, ಒರಿಜಿನಲ್ ಶಿಯರ್ಲಿಂಗ್’, 1,899 ರೂಪಾಯಿ. ಎರಡನೆಯದೂ ಆ್ಯಪಿನದೇ: ‘ಇರ್ವಿನ್ ಆರ್‌ಎಎಫ್ ಪೈಲಟ್ ಜಾಕೆಟ್’, 4,500. ಮೂರನೆಯದು ಬೆಂಗಳೂರಿನಲ್ಲಿ ಯಾರೋ ಮಾರಾಟಕ್ಕಿಟ್ಟಿದ್ದ ಹಳೇ ಜಾಕೆಟ್: ‘ಡಿ-1, ಎರಡನೇ ಮಹಾಯುದ್ಧದ್ದು, ಅಜ್ಜನದು’, ಬೆಲೆ 28,000.

ಕೆಳಗೆ ಒಂದೇ ಸಾಲು. “ಅಣ್ಣ, ಇದ್ರಾಗೆ ಯಾವುದು ಒಳ್ಳೇದು?”

ನಮ್ಮಲ್ಲೊಬ್ಬರು ಅವಸರದಲ್ಲಿ “ಯಾವುದೂ ಬೇಡ ತಮ್ಮ, ದುಡ್ಡು ಉಳಿಸು” ಎಂದು ಉತ್ತರಿಸಿದರು. ಮರುಗಳಿಗೆಗೆ ಅವನ ಮಾತು ಬಂತು: “ಬೇಡ ಅನ್ನೋದಕ್ಕೆ ಮನೇಲಿ ನಮ್ಮಪ್ಪ ಅದಾನೆ. ನೀವು ಓದ್ದೋರು, ಯಾಕೆ ಬೇಡ ಅಂತ ಹೇಳ್ರಿ.”

ಮಾತು ಚುಚ್ಚಿತು, ಆದರೆ ನ್ಯಾಯವಾಗಿತ್ತು. ಹಾಗಾಗಿ ನಾವು ಕೂತು ಓದಿದೆವು, ಬೆಂಗಳೂರಿನಲ್ಲಿರುವ ನಮ್ಮ ಗೆಳೆಯ ಆ ಮೂರನೇ ಜಾಕೆಟ್ಟನ್ನು ಮುಟ್ಟಿ ನೋಡಿ ಬಂದ. ಇದು ಆ ಹುಡುಗನಿಗೆ ಕೊಡಬೇಕಿದ್ದ ಉದ್ದದ ಉತ್ತರ. ಜಾವದಲ್ಲಿ ಹಾಲು, ಹೂವು, ತರಕಾರಿ ಹೊತ್ತು ಬೈಕ್ ಓಡಿಸುವ ಎಲ್ಲರಿಗೂ ಬೇಕಾದೀತು ಎಂದು ಇಲ್ಲಿ ಹಾಕುತ್ತಿದ್ದೇವೆ.

ಮೊದಲು ಶಿಯರ್ಲಿಂಗ್ ಅಂದರೇನು ನೋಡೋಣ. ಕುರಿ ಸಾಕುವ ಮನೆಯವರಿಗೆ ಇದನ್ನು ಹೇಳುವುದು ಸುಲಭ. ತುಪ್ಪಟ ಕತ್ತರಿಸಿದ ಮೇಲೆ ಮತ್ತೆ ಗಿಡ್ಡಗೆ, ಒಂದೇ ಸಮನಾಗಿ ಬೆಳೆದ ಉಣ್ಣೆ ಇರುತ್ತದಲ್ಲ, ಆ ಹಂತದ ಕುರಿಯ ಚರ್ಮವನ್ನು ಉಣ್ಣೆಯ ಸಮೇತ ಹದ ಮಾಡಿದರೆ ಅದು ಶಿಯರ್ಲಿಂಗ್. ಉಣ್ಣೆಯನ್ನು ಕಿತ್ತು ಬಟ್ಟೆಗೆ ಅಂಟಿಸಿದ್ದಲ್ಲ, ಕುರಿಯ ಮೈಮೇಲೆ ಹೇಗೆ ಬೆಳೆದಿತ್ತೋ ಹಾಗೇ ಬೇರು ಬಿಟ್ಟು ನಿಂತದ್ದು. ಜಾಕೆಟ್ ಹೊಲಿಯುವಾಗ ಕುರಿಯನ್ನು ಒಳಹೊರಗು ಮಾಡಿದ ಹಾಗೆ: ಉಣ್ಣೆ ಒಳಗೆ, ತೊಗಲು ಹೊರಗೆ. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಮೈಯ ಬಿಸಿಯನ್ನು ಹಿಡಿದಿಡುತ್ತದೆ. ಹೊರಗಿನ ತೊಗಲು ಬೀಸುವ ಗಾಳಿ ಒಳಗೆ ನುಗ್ಗದಂತೆ ತಡೆಯುತ್ತದೆ. ಕೆಲಸ ಎರಡು, ಚರ್ಮ ಒಂದೇ. ಈ ಎರಡು ಕೆಲಸದ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ನಮ್ಮ ಕುರಿಯಲ್ಲೂ ಮಾಡಬಹುದಲ್ಲ ಎಂದು ನಮ್ಮ ಗುಂಪಿನ ಕುರುಬರ ಮನೆಯ ಹುಡುಗನೇ ಕೇಳಿದ. ಆಗುವುದಿಲ್ಲ. ನಮ್ಮ ಬಯಲುಸೀಮೆಯ ಡೆಕ್ಕನಿ ಕುರಿಯ ಉಣ್ಣೆ ಒರಟು, ಕೂದಲು ಬೆರೆತದ್ದು, ತೆಳ್ಳಗೆ ಹರಡಿಕೊಂಡದ್ದು. ವರ್ಷಕ್ಕೆ ಎರಡು ಸಲ ಕತ್ತರಿಸಿದರೂ ಒಂದು ಕುರಿಗೆ ಒಂದು ಕಿಲೋ ಮುಟ್ಟುವುದು ಕಷ್ಟ. ಬನ್ನೂರು ಕುರಿ ಮಾಂಸದ್ದು, ಕೆಂಗುರಿಯ ಮೈಮೇಲಿರುವುದು ಹೆಚ್ಚಾಗಿ ಕೂದಲೇ. ಶಿಯರ್ಲಿಂಗಿಗೆ ಬೇಕಾದದ್ದು ಬೆರಳು ಹಾಕಿದರೆ ಚರ್ಮವೇ ಕಾಣದಷ್ಟು ಒತ್ತಾಗಿ ಬೆಳೆಯುವ ನಯವಾದ ಉಣ್ಣೆ. ಮೆರಿನೋ ಜಾತಿಯ ಕುರಿಗಳಲ್ಲಿ ಅಂಥದ್ದು ನಾಲ್ಕೈದು ಕಿಲೋ ಬರುತ್ತದೆ. ನಮ್ಮ ಕುರಿ ಬಿಸಿಲಿಗೆ, ನಡಿಗೆಗೆ ಒಗ್ಗಿದ್ದು. ಅದರ ತುಪ್ಪಟ ಕಂಬಳಿಗೆ ಸರಿ.

ಇನ್ನು ಮೊದಲ ಫೋಟೋದ ಹೆಸರಿಗೆ ಬರೋಣ. ಬಿ-3 ಅಂದರೆ ಸೈಜಲ್ಲ, ಕಂಪನಿಯ ಹೆಸರೂ ಅಲ್ಲ. ಅಮೆರಿಕದ ಸೇನೆಯ ವಾಯುದಳ ತನ್ನ ಬಟ್ಟೆಗಳಿಗೆ ಕೊಟ್ಟ ಅಕ್ಷರ. ಎ ಅಂದರೆ ಬೇಸಿಗೆಯ ತೆಳು ಜಾಕೆಟ್, ಬಿ ಅಂದರೆ ಚಳಿಯ ದಪ್ಪ ಜಾಕೆಟ್, ಡಿ ಅಂದರೆ ನೆಲದ ಮೇಲೆ ನಿಂತು ವಿಮಾನ ರಿಪೇರಿ ಮಾಡುವ ಮೆಕ್ಯಾನಿಕ್‌ಗಳದ್ದು. ಅಕ್ಷರದಲ್ಲೇ ಯಾರ ಮೈಗೆ ಯಾವ ಬಟ್ಟೆ ಎಂಬುದು ಗೊತ್ತಾಗುತ್ತಿತ್ತು. ಈಗ ಮಾರುವವರು ಆ ಅಕ್ಷರವನ್ನು ಹೂವಿನ ಹಾರದ ಹಾಗೆ ಯಾವುದಕ್ಕೆ ಬೇಕಾದರೂ ಹಾಕುತ್ತಾರೆ.

ಬಿ-3 ಬಂದದ್ದು 1934ರಲ್ಲಿ. ದಪ್ಪ ಶಿಯರ್ಲಿಂಗ್, ಕುತ್ತಿಗೆಯ ಕೆಳಗೆ ಎರಡು ತೊಗಲಿನ ಪಟ್ಟಿ, ಕಾಲರ್ ಎತ್ತಿ ಆ ಪಟ್ಟಿ ಬಿಗಿದರೆ ಕಿವಿಯವರೆಗೂ ಉಣ್ಣೆ. ಹೊಲಿಗೆ ಬಿಡುವ ಜಾಗಗಳಿಗೆ ಕುದುರೆ ಚರ್ಮದ ಪಟ್ಟಿ ಕೊಟ್ಟು ಗಟ್ಟಿ ಮಾಡಿದ್ದರು. ಇದರ ಜೊತೆಗೆ ಎ-3 ಎಂಬ ಶಿಯರ್ಲಿಂಗ್ ಪ್ಯಾಂಟು, ಕಾಲಿಗೆ ಶಿಯರ್ಲಿಂಗ್ ಬೂಟು. ಎಲ್ಲ ಹಾಕಿಕೊಂಡ ಮನುಷ್ಯ ಕರಡಿಯ ಹಾಗೆ ಕಾಣುತ್ತಿದ್ದ, ಕರಡಿಯ ಹಾಗೇ ನಡೆಯುತ್ತಿದ್ದ.

ಯಾಕೆ ಇಷ್ಟು ದಪ್ಪ? ಆಗಿನ ಬಾಂಬರ್ ವಿಮಾನಗಳ ಒಳಗೆ ಈಗಿನ ವಿಮಾನಗಳ ಹಾಗೆ ಬೆಚ್ಚಗಿನ ಗಾಳಿ ತುಂಬಿರುತ್ತಿರಲಿಲ್ಲ. 25,000 ಅಡಿ ಮೇಲೆ ಮೈನಸ್ 40 ಡಿಗ್ರಿ, ಕೆಲವೊಮ್ಮೆ ಅದಕ್ಕಿಂತ ಕೆಳಗೆ. ಬಿ-17 ವಿಮಾನದ ಎರಡು ಪಕ್ಕೆಗಳಲ್ಲಿ ಮೆಷಿನ್‌ಗನ್ ಹಿಡಿದು ನಿಲ್ಲುವವರ ಕಿಟಕಿಗಳು ಮೊದಮೊದಲು ತೆರೆದೇ ಇರುತ್ತಿದ್ದವು. ಆ ವೇಗದ ಗಾಳಿ ನೇರ ಮುಖಕ್ಕೆ. ಬಂದೂಕು ಕಚ್ಚಿಕೊಂಡಿತೆಂದು ಕೈಗವಸು ತೆಗೆದರೆ ಬೆರಳಿನ ಚರ್ಮ ಕಬ್ಬಿಣಕ್ಕೆ ಅಂಟಿಕೊಳ್ಳುತ್ತಿತ್ತು. ಇಂಗ್ಲೆಂಡಿನಿಂದ ಹಾರುತ್ತಿದ್ದ ಅಮೆರಿಕದ ಎಂಟನೇ ವಾಯುಪಡೆಯಲ್ಲಿ, ಮೊದಲ ವರ್ಷದ ಆಸುಪಾಸಿನಲ್ಲಿ, ಶತ್ರುವಿನ ಗುಂಡಿಗಿಂತ ಹೆಚ್ಚು ಜನರನ್ನು ಹಾರಾಟದಿಂದ ಹೊರಗೆ ಕೂರಿಸಿದ್ದು ಈ ಚಳಿ. ಬೆರಳು, ಕಿವಿ, ಮೂಗಿನ ತುದಿ ಮರಗಟ್ಟಿ ಸತ್ತುಹೋಗುತ್ತಿದ್ದವು. ಅವರಲ್ಲಿ ಬಹಳ ಮಂದಿ 19, 20, 21 ವರ್ಷದವರು. ನಮಗೆ ಫೋಟೋ ಕಳಿಸಿದ ಹುಡುಗನ ವಾರಿಗೆಯವರು.

ಅಂದರೆ ಬಿ-3 ತೊಟ್ಟೂ ಅವರಿಗೆ ಚಳಿ ತಪ್ಪಲಿಲ್ಲ. ಜಾಕೆಟ್ಟುಗಳನ್ನು ಹೋಲಿಸಿ ವೀಡಿಯೋ ಮಾಡುವವರು ಇದನ್ನು ಬೇಗ ದಾಟಿಬಿಡುತ್ತಾರೆ. ಅವರ ಗಮನವೆಲ್ಲ ಬಣ್ಣ, ಪಟ್ಟಿ, ಜಿಪ್ ಮೇಲೆ. ಬಿ-3ಯ ದೋಷಗಳು ಏನೇನು ಗೊತ್ತೇ? ವಿಪರೀತ ದಪ್ಪ. ಬಂದೂಕಿನ ಇಕ್ಕಟ್ಟಾದ ಗೂಡಿನಲ್ಲಿ ತಿರುಗಲು ಆಗುತ್ತಿರಲಿಲ್ಲ. ನೆಲದ ಮೇಲೆ ಅದನ್ನು ಹಾಕಿಕೊಂಡು ವಿಮಾನ ಹೊರಡುವವರೆಗೆ ಕಾದರೆ ಮೈಯೆಲ್ಲ ಬೆವರು, ಮೇಲೆ ಹೋದಾಗ ಅದೇ ಬೆವರು ತಣ್ಣಗೆ ಕೊರೆಯುತ್ತಿತ್ತು. ಹೊರಗಿನ ತೊಗಲಿಗೆ ಬಳಿದ ಕಂದು ಬಣ್ಣದ ಲೇಪ ಕಾಲ ಕಳೆದಂತೆ ಬಿರುಕು ಬಿಡುತ್ತಿತ್ತು. ನೋಡಲು ಮೂರರಲ್ಲಿ ಇದೇ ಚೆಂದ, ಒಪ್ಪುತ್ತೇವೆ. ನಮ್ಮಲ್ಲಿ ಇಬ್ಬರು ಈಗಲೂ ಒಂದು ಬಿ-3 ಸಿಕ್ಕರೆ ಬಿಡುವುದಿಲ್ಲ ಎನ್ನುತ್ತಾರೆ. ಆದರೆ ಕೆಲಸದ ಬಟ್ಟೆ ಎಂದು ಲೆಕ್ಕ ಹಾಕಿದರೆ ನಮ್ಮ ಮತ ಎರಡನೆಯದಕ್ಕೆ.

ಎರಡನೆಯದು ಇರ್ವಿನ್. ಇದರ ಹಿಂದಿನ ಮನುಷ್ಯನ ಕತೆಗಾಗಿಯೇ ಇದು ನಮಗೆ ಹಿಡಿಸಿತು.

ಲೆಸ್ಲಿ ಇರ್ವಿನ್ ಅಮೆರಿಕದವನು. ಮನುಷ್ಯ ಆಕಾಶದಿಂದ ಬೀಳತೊಡಗಿದರೆ ದಾರಿಯಲ್ಲೇ ಪ್ರಜ್ಞೆ ತಪ್ಪುತ್ತದೆ, ಪ್ಯಾರಾಚೂಟಿನ ಹಗ್ಗ ತಾನೇ ಎಳೆಯಲು ಆಗುವುದಿಲ್ಲ ಎಂದು ಬಹಳ ಜನ ನಂಬಿದ್ದ ಕಾಲವದು. 1919ರ ಏಪ್ರಿಲ್ 28ರಂದು ಓಹಾಯೋ ರಾಜ್ಯದ ಮೆಕ್‌ಕುಕ್ ಫೀಲ್ಡಿನಲ್ಲಿ ಅವನು ವಿಮಾನದಿಂದ ಹಾರಿ, ಬೀಳುತ್ತ ಬೀಳುತ್ತ ತಾನೇ ಹಗ್ಗ ಎಳೆದು ಕೆಳಗಿಳಿದ. ಪ್ಯಾರಾಚೂಟ್ ಸರಿಯಾಗಿ ಬಿಚ್ಚಿಕೊಂಡಿತು. ನೆಲ ಮುಟ್ಟುವಾಗ ಮಾತ್ರ ಪಾದದ ಕೀಲು ಮುರಿಯಿತು. ಆಮೇಲೆ ಅವನು ಪ್ಯಾರಾಚೂಟ್ ಕಂಪನಿ ಶುರು ಮಾಡಿದ, 1926ರಲ್ಲಿ ಇಂಗ್ಲೆಂಡಿನ ಲೆಚ್‌ವರ್ತ್ ಎಂಬ ಊರಿನಲ್ಲಿ ಕಾರ್ಖಾನೆ ತೆರೆದ. ಅವನ ಪ್ಯಾರಾಚೂಟಿನಿಂದ ಜೀವ ಉಳಿಸಿಕೊಂಡವರಿಗೆ ಚಿನ್ನದ ಒಂದು ಪುಟ್ಟ ಹುಳುವಿನ ಪಿನ್ನು ಕೊಡುತ್ತಿದ್ದರು. ಹುಳು ಯಾಕೆಂದರೆ ಆಗ ಪ್ಯಾರಾಚೂಟ್ ರೇಷ್ಮೆಯದು. ಯುದ್ಧದ ವರ್ಷಗಳಲ್ಲಿ ಪ್ಯಾರಾಚೂಟಿಗಾಗಿ ನಮ್ಮ ಮೈಸೂರು ಸೀಮೆಯ ರೇಷ್ಮೆಗೂ ಬೇಡಿಕೆ ಏರಿತ್ತು. ಆ ಕಾಲದಲ್ಲಿ ರೇಷ್ಮೆ ಸಾಕಿದ ಮನೆಗಳ ಅಜ್ಜಿಯರು ಈಗ ಇದ್ದಿದ್ದರೆ ಏನಾದರೂ ಹೇಳುತ್ತಿದ್ದರೇನೋ.

ಹೀಗೆ ಮೇಲಿಂದ ಹಾರಿ, ಚಳಿ ಏನೆಂದು ಮೈಯಲ್ಲಿ ತಿಳಿದವನ ಜಾಕೆಟ್ ಇದು. 1930ರ ದಶಕದ ಮೊದಲಲ್ಲಿ ರೂಪುಗೊಂಡು ಬ್ರಿಟನ್ನಿನ ರಾಯಲ್ ಏರ್‌ಫೋರ್ಸಿಗೆ ಹೋಯಿತು. ಬಿ-3 ಪಕ್ಕದಲ್ಲಿಟ್ಟು ನೋಡಿದರೆ ಸಣ್ಣ ಸಣ್ಣ ವ್ಯತ್ಯಾಸಗಳು ಕಾಣುತ್ತವೆ, ಒಂದೊಂದಕ್ಕೂ ಕಾರಣವಿದೆ. ಇರ್ವಿನ್ನಿನ ತೋಳಿನ ತುದಿಯಲ್ಲಿ ಉದ್ದದ ಜಿಪ್ ಇದೆ: ದಪ್ಪ ಕೈಗವಸು ಹಾಕಿಕೊಂಡ ಕೈಯನ್ನೂ ಒಳಗೆ ತೂರಿಸಿ ಮೇಲೆ ಜಿಪ್ ಎಳೆದರೆ ಮಣಿಕಟ್ಟಿನಲ್ಲಿ ಗಾಳಿ ಹೊಗುವ ಸಂದಿಯೇ ಇಲ್ಲ. ಸೊಂಟಕ್ಕೆ ಬೆಲ್ಟ್ ಇದೆ: ಕೆಳಗಿನಿಂದ ಗಾಳಿ ಏರುವುದಿಲ್ಲ. ಹೊರಗೆ ಜೇಬಿಲ್ಲ. ಮೇಲೆ ಪ್ಯಾರಾಚೂಟಿನ ಪಟ್ಟಿಗಳನ್ನು ಬಿಗಿದುಕೊಂಡು ಕೂತವನಿಗೆ ಜೇಬಿನಿಂದ ಏನು ಪ್ರಯೋಜನ? ಕಾಲರ್ ಮಾತ್ರ ಧಾರಾಳ, ಎತ್ತಿದರೆ ತಲೆಯ ಹಿಂಭಾಗವೂ ಮುಚ್ಚುತ್ತದೆ.

ಚಳಿ ಒಳಗೆ ಬರುವುದು ಎದೆಯಿಂದಲ್ಲ, ತುದಿಗಳಿಂದ. ಕುತ್ತಿಗೆ, ಮಣಿಕಟ್ಟು, ಸೊಂಟ. ಇರ್ವಿನ್ ಈ ಮೂರು ಬಾಗಿಲುಗಳನ್ನೂ ಮುಚ್ಚಿದ. ಬಿ-3 ಕುತ್ತಿಗೆಯನ್ನು ಚೆನ್ನಾಗಿ ಮುಚ್ಚಿತು, ಉಳಿದ ಎರಡಕ್ಕೆ ಅಷ್ಟು ಗಮನ ಕೊಡಲಿಲ್ಲ. ನಮ್ಮ ಮತ ಇರ್ವಿನ್ನಿಗೆ ಬಿದ್ದದ್ದು ಇದಕ್ಕೆ.

ಹಾಗೆಂದು ಇರ್ವಿನ್ ದೋಷವಿಲ್ಲದ್ದೇನೂ ಅಲ್ಲ. ಸ್ಪಿಟ್‌ಫೈರ್‌ನಂಥ ಇಕ್ಕಟ್ಟಾದ ಫೈಟರ್ ವಿಮಾನದಲ್ಲಿ ಅದೂ ದಪ್ಪವೇ ಆಗುತ್ತಿತ್ತು. ಯುದ್ಧ ಮುಂದುವರಿದಂತೆ ದೊಡ್ಡ ಚರ್ಮ ಸಾಲದಾಯಿತು. ಮೊದಲು ಕೆಲವೇ ದೊಡ್ಡ ತುಂಡುಗಳಲ್ಲಿ ಹೊಲಿಯುತ್ತಿದ್ದ ಜಾಕೆಟ್ಟನ್ನು ಆಮೇಲೆ ಸಣ್ಣ ಸಣ್ಣ ತುಂಡು ಸೇರಿಸಿ ಹೊಲಿದರು. ಹೊಲಿಗೆ ಹೆಚ್ಚಾದಷ್ಟೂ ಗಾಳಿಗೆ ದಾರಿ ಹೆಚ್ಚು, ಹರಿಯುವ ಜಾಗವೂ ಹೆಚ್ಚು. ಹಳೇ ಜಾಕೆಟ್ ಸಂಗ್ರಹಿಸುವವರು ಬೆನ್ನಿನ ತುಂಡುಗಳನ್ನು ಎಣಿಸಿ ಇದು ಯುದ್ಧದ ಮೊದಲಿನದೋ ಕೊನೆಯದೋ ಎಂದು ಹೇಳುವುದು ಇದರಿಂದಲೇ. 2017ರ ‘ಡನ್‌ಕರ್ಕ್’ ಸಿನಿಮಾ ನೋಡಿದವರಿಗೆ ಟಾಮ್ ಹಾರ್ಡಿ ಹಾಕಿದ ಜಾಕೆಟ್ ನೆನಪಿರಬಹುದು, ಅದು ಇರ್ವಿನ್. ಆ ಸಿನಿಮಾದ ಮೇಲೆ ಇದರ ನಕಲಿಗೆ ಮಾರುಕಟ್ಟೆ ಬಂದದ್ದೂ ಸಹಜವೇ.

ಮೂರನೆಯದು ಡಿ-1. ಇದಕ್ಕೆ ಹೀರೋ ಯಾರೂ ಇಲ್ಲ, ಮೆಕ್ಯಾನಿಕ್‌ಗಳ ಜಾಕೆಟ್. ಬಿ-3ಗಿಂತ ತೆಳುವಾದ ಶಿಯರ್ಲಿಂಗ್, ಗಿಡ್ಡ ಕಾಲರ್, ಬಗ್ಗಿ ಎದ್ದು ಸ್ಪ್ಯಾನರ್ ತಿರುಗಿಸಲು ಬರುವ ಹಾಗೆ ಹೊಲಿದದ್ದು. ಇಂಗ್ಲೆಂಡಿನ ಮಂಜಿನಲ್ಲಿ ರಾತ್ರಿಯಿಡೀ ಬಯಲಲ್ಲಿ ನಿಂತು ಎಂಜಿನ್ ಬಿಚ್ಚಿ ಜೋಡಿಸಿದವರು ಇಂಥದ್ದನ್ನು ತೊಟ್ಟರು. ಹಗುರ ಎಂಬ ಕಾರಣಕ್ಕೆ ಹಾರುವವರಲ್ಲೂ ಕೆಲವರು ಇದನ್ನೇ ಹಾಕಿಕೊಂಡರು. ಮೂರೂ ಜಾಕೆಟ್ ಅಸಲಿಯಾಗಿದ್ದರೆ, ಬೈಕ್ ಓಡಿಸುವ, ಮೂಟೆ ಇಳಿಸುವ ನಮ್ಮ ಹುಡುಗನ ಕೆಲಸಕ್ಕೆ ಹೊಂದುವುದು ಇದೇ.

ಆದರೆ ಅಸಲಿಯಾಗಿರಬೇಕಲ್ಲ.

ಮಾರುವವರು ಫೋನಿನಲ್ಲಿ ಹೇಳಿದ ಕತೆ ಚೆನ್ನಾಗಿತ್ತು. ಅವರ ಅಜ್ಜ ಯುದ್ಧದ ಕಾಲಕ್ಕೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿದ್ದರು, ಅಮೆರಿಕದ ಒಬ್ಬ ಮೆಕ್ಯಾನಿಕ್ ಊರಿಗೆ ಹೋಗುವಾಗ ಕೊಟ್ಟುಹೋದ ಅಂತ. ಕತೆಯಲ್ಲಿ ಅರ್ಧ ಇತಿಹಾಸ ನಿಜ. ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ 1940ರ ಡಿಸೆಂಬರಿನಲ್ಲಿ ಶುರು ಮಾಡಿದ ಆ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನೆಯ ಕೈಗೆ ಹೋಗಿತ್ತು. ಪೂರ್ವದ ಯುದ್ಧರಂಗದ ವಿಮಾನಗಳು ರಿಪೇರಿಗೆ ಅಲ್ಲಿಗೆ ಬರುತ್ತಿದ್ದವು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಈಗ ನೊರೆಗೆ ಹೆಸರಾದ ಅದೇ ಕೆರೆ. ಆದರೆ ಬೆಂಗಳೂರಿನ ಹವೆಯಲ್ಲಿ ಉಣ್ಣೆ ತುಂಬಿದ ಜಾಕೆಟ್ ಹಾಕಿಕೊಂಡು ಯಾವ ಮೆಕ್ಯಾನಿಕ್ ಕೆಲಸ ಮಾಡಿಯಾನು? ಅಸ್ಸಾಮಿನಿಂದ ಹಿಮಾಲಯ ದಾಟಿ ಚೀನಾದ ಕುನ್‌ಮಿಂಗಿಗೆ ಸರಕು ಸಾಗಿಸಿದ ಪೈಲಟ್‌ಗಳಿಗೆ ಮೇಲೆ ಚಳಿ ಇತ್ತು, ಆ ಕತೆ ಹೇಳಿದ್ದರೆ ನಾವೂ ಸ್ವಲ್ಪ ನಂಬುತ್ತಿದ್ದೆವೇನೋ.

ನಮ್ಮ ಗೆಳೆಯ ಹೋಗಿ ಮೊದಲು ನೋಡಿದ್ದು ಜಿಪ್. ಪ್ಲಾಸ್ಟಿಕ್ ಸುರುಳಿಯದು, ನಮ್ಮ ಕಾಲೇಜು ಬ್ಯಾಗಿನಲ್ಲಿರುತ್ತದಲ್ಲ ಅಂಥದ್ದು. ಯುದ್ಧಕಾಲದ ಜಾಕೆಟ್ಟುಗಳ ಜಿಪ್ಪು ಲೋಹದವು. ಹಾಳಾಗಿ ಬದಲಾಯಿಸಿರಬಹುದಲ್ಲ ಎಂದು ಮಾರುವವರು ಹೇಳಿದರು, ಆಗಲಿ ಎಂದು ಅವನು ಕುತ್ತಿಗೆಯ ಚೀಟಿ ನೋಡಿದ. ಅಮೆರಿಕದ ಸೇನೆಯ ಜಾಕೆಟ್ಟಿನ ಚೀಟಿಯಲ್ಲಿ ಮಾದರಿಯ ಹೆಸರು, ನಕ್ಷೆಯ ನಂಬರ್, ಗುತ್ತಿಗೆಯ ನಂಬರ್, ಹೊಲಿದ ಕಂಪನಿಯ ಹೆಸರು ಇರುತ್ತವೆ. ಇಲ್ಲಿ ಒಂದು ಹದ್ದಿನ ಚಿತ್ರ, ಕೆಳಗೆ ‘ಡಿ-1’ ಅಷ್ಟೇ. ಕೊನೆಗೆ ಕಂಕುಳಿನ ಹತ್ತಿರ ಉಣ್ಣೆಯನ್ನು ಎರಡು ಹೆಬ್ಬೆರಳಿನಿಂದ ಸೀಳಿ ನೋಡಿದ. ಬುಡದಲ್ಲಿ ಚರ್ಮ ಕಾಣಲಿಲ್ಲ, ಜಾಲರಿಯಂಥ ನೇಯ್ದ ಬಟ್ಟೆ ಕಂಡಿತು. ಅಲ್ಲಿಗೆ ಅಜ್ಜನ ಕತೆ ಮುಗಿಯಿತು. ಜಗಳ ಆಡಲಿಲ್ಲ, ಚಹಾ ಕುಡಿದು ಬಂದ.

ಇನ್ನೊಂದು ಮಾತು: ಆ ಜಾಕೆಟ್ ಅಸಲಿಯೇ ಆಗಿದ್ದರೂ ಹುಡುಗನಿಗೆ ಬೇಡ ಎನ್ನುತ್ತಿದ್ದೆವು. 80 ವರ್ಷದ ಕುರಿಚರ್ಮ ಒಳಗಿಂದ ಒಣಗಿ ಸತ್ತಿರುತ್ತದೆ. ಹ್ಯಾಂಡಲ್ ಹಿಡಿಯಲು ತೋಳು ಮುಂದೆ ಚಾಚಿದರೆ ಬೆನ್ನಿನ ಹೊಲಿಗೆಯಲ್ಲಿ ಹಪ್ಪಳದ ಹಾಗೆ ಬಿರಿಯಬಹುದು. ಒಗೆಯುವ ಹಾಗಿಲ್ಲ, ಮಳೆಯಲ್ಲಿ ನೆನೆಸುವ ಹಾಗಿಲ್ಲ. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡಬೇಕು. ಹೊಸದಾಗಿ ಅದೇ ಹದದಲ್ಲಿ, ಅದೇ ನಕ್ಷೆಯಲ್ಲಿ ಹೊಲಿಯುವವರು ಬ್ರಿಟನ್ನಿನಲ್ಲಿ, ಜಪಾನಿನಲ್ಲಿ ಇದ್ದಾರೆ. ನಮ್ಮ ದುಡ್ಡಿನಲ್ಲಿ ಲಕ್ಷ ದಾಟುತ್ತದೆ. ಆ ಹುಡುಗನ ಬೈಕಿಗೂ ಅಷ್ಟು ಬೆಲೆ ಬರುವುದಿಲ್ಲ.

ಇನ್ನು ಆ್ಯಪಿನ ಎರಡು ಜಾಕೆಟ್. ಅಂಥದ್ದೊಂದನ್ನು ನಮ್ಮಲ್ಲೊಬ್ಬರು ಎರಡು ವರ್ಷದ ಹಿಂದೆ ಕೊಂಡಿದ್ದರು, ಹೇಳಿಕೊಳ್ಳಲು ನಾಚಿಕೆಯಿಂದ ಸುಮ್ಮನಿದ್ದರು. ಹೊರಗಿನದು ಚರ್ಮವಲ್ಲ, ಬಟ್ಟೆಯ ಮೇಲೆ ಹಚ್ಚಿದ ಪ್ಲಾಸ್ಟಿಕ್ ಪದರ. ಒಂದು ಮಳೆಗಾಲ ಕಳೆದ ಮೇಲೆ ತೇವಕ್ಕೆ ಅದು ಹಾವಿನ ಪೊರೆಯ ಹಾಗೆ ಏಳತೊಡಗಿತು, ಅಂಗಿಯ ಮೇಲೆಲ್ಲ ಕಂದು ಚೂರು. ಒಳಗಿನ ಬಿಳಿ ತುಪ್ಪಳ ಪಾಲಿಯೆಸ್ಟರ್. ನಿಮಗೂ ಅನುಮಾನವಿದ್ದರೆ ಒಂದೆರಡು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ಮನೆಯಿಂದ ಹೊರಗೆ ಬೆಂಕಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಬಿಸಿಯಿದ್ದಾಗ ಮುಟ್ಟಬೇಡಿ, ಅಂಟಿಕೊಂಡು ಸುಡುತ್ತದೆ.

ಪಾಲಿಯೆಸ್ಟರ್ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಅದೂ ಬೆಚ್ಚಗಿಡುತ್ತದೆ. ನಮ್ಮ ತಕರಾರು ಸುಳ್ಳಿನ ಮೇಲೆ. ಚರ್ಮ, ಉಣ್ಣೆ ಎಂದು ಬರೆದು ಪ್ಲಾಸ್ಟಿಕ್ ಮಾರುವುದು ಮೋಸ. ಅದರಲ್ಲೂ ಮಣಿಕಟ್ಟಿಗೆ ಜಿಪ್ ಇಲ್ಲ, ಸೊಂಟಕ್ಕೆ ಬಿಗಿಯಿಲ್ಲ, ಕಾಲರಿನ ಪಟ್ಟಿ ಬರೀ ತೋರಿಕೆಗೆ ಹೊಲಿದದ್ದು, ಕಟ್ಟಲು ಬರುವುದಿಲ್ಲ. ಇರ್ವಿನ್ ಮುಚ್ಚಿದ ಮೂರೂ ಬಾಗಿಲುಗಳನ್ನು ತೆರೆದಿಟ್ಟು ಅವನ ಹೆಸರು ಮಾತ್ರ ಇಟ್ಟುಕೊಂಡಿದ್ದಾರೆ.

ಇಷ್ಟು ಓದಿದ ಮೇಲೆ ನಮಗೆ ತಮಾಷೆ ಅನಿಸಿದ ಒಂದು ವಿಷಯ: ಆ ಸೇನೆಗಳೇ ಶಿಯರ್ಲಿಂಗನ್ನು ಕೈಬಿಟ್ಟವು. ಮೈಗೆ ಕರೆಂಟು ಹಾಯಿಸಿ ಬಿಸಿ ಮಾಡುವ ಉಡುಪುಗಳನ್ನು ತಂದರು. ಅಮೆರಿಕದ ಮೊದಮೊದಲ ಉಡುಪುಗಳ ತಂತಿ ಗಣಪತಿ ಪೆಂಡಾಲಿನ ಹಳೇ ಸೀರಿಯಲ್ ಸೆಟ್ಟಿನ ಹಾಗೆ: ಒಂದು ಕಡೆ ಕಡಿದರೆ ಎಲ್ಲವೂ ತಣ್ಣಗೆ. ಆಮೇಲಿನವು ಸುಧಾರಿಸಿದವು. 1943ರಲ್ಲಿ ಬಿ-3ಯ ಜಾಗಕ್ಕೆ ಬಿ-10 ಎಂಬ ಬಟ್ಟೆಯ ಜಾಕೆಟ್ ಬಂತು, ಒಳಗೆ ಅಲ್ಪಾಕಾ ಉಣ್ಣೆಯ ಪದರ. 1950ರ ದಶಕದಲ್ಲಿ ನೈಲಾನಿನ ಎಂಎ-1 ಬಂತು. ಈಗ ನಮ್ಮ ಸಂತೆಯಲ್ಲಿ ‘ಬಾಂಬರ್’ ಎಂದು ಕೇಳಿದರೆ ಕೊಡುವ, ಸೊಂಟಕ್ಕೆ ಎಲಾಸ್ಟಿಕ್ ಇರುವ ತೆಳು ಜಾಕೆಟ್ಟು ಅದರ ಮೊಮ್ಮಗ.

ಚರ್ಮ ಬಿಟ್ಟು ಬಟ್ಟೆಗೆ ಹೋದವರು ಒಂದು ವಿಷಯ ಕಂಡುಕೊಂಡಿದ್ದರು. ಬಿಸಿ ಹಿಡಿಯುವ ಪದರ ಒಂದು, ಗಾಳಿ ತಡೆಯುವ ಪದರ ಇನ್ನೊಂದು, ಎರಡೂ ಒಂದೇ ಚರ್ಮದಲ್ಲಿ ಇರಬೇಕೆಂದಿಲ್ಲ. ಬೇರೆ ಬೇರೆ ಇದ್ದರೆ ಹಗುರ, ಅಗ್ಗ, ಒಗೆಯಲೂ ಬರುತ್ತದೆ.

ಇದನ್ನು ಬರೆಯುವಾಗ ನಮ್ಮ ಗುಂಪಿನ ಕುರುಬರ ಮನೆಯ ಗೆಳೆಯ ಅವನ ಅಜ್ಜನನ್ನು ನೆನೆಸಿಕೊಂಡ. ಚಳ್ಳಕೆರೆ ಕಡೆಯ ಕಂಬಳಿ, ಹುಣಸೆ ಬೀಜದ ಅಂಟು ಹಾಕಿ ನೇಯ್ದದ್ದು, ನಿಲ್ಲಿಸಿದರೆ ನಿಲ್ಲುವಷ್ಟು ಬಿರುಸು. ಮಂದೆಯ ಜೊತೆ ಬಯಲಲ್ಲಿ ಮಲಗುವಾಗ ಅಜ್ಜ ಕಂಬಳಿ ಹೊದ್ದು, ಗಾಳಿ ಜೋರಾದರೆ ಅದರ ಮೇಲೆ ಗೊಬ್ಬರದ ಚೀಲದ ಕೊಪ್ಪೆ ಹಾಕುತ್ತಿದ್ದನಂತೆ. ನಾವು ಹುಡುಗರೆಲ್ಲ ಅದನ್ನು ಬಡತನ ಎಂದುಕೊಂಡಿದ್ದೆವು. ಕಂಬಳಿ ಬಿಸಿ ಹಿಡಿಯುತ್ತದೆ, ಆದರೆ ನೇಯ್ಗೆಯ ಸಂದಿಯಲ್ಲಿ ಗಾಳಿ ಹೊಗುತ್ತದೆ. ಬೈಕಿನ ಮೇಲೆ ಬರೀ ಕಂಬಳಿ ಹೊದ್ದು ಕೂತು ನೋಡಿ, ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಮೇಲಿನ ಪ್ಲಾಸ್ಟಿಕ್ ಚೀಲ ಆ ಗಾಳಿಯನ್ನು ನಿಲ್ಲಿಸುತ್ತದೆ. ಅಜ್ಜ ಮಾಡಿದ್ದೂ ಅದೇ ಎರಡು ಕೆಲಸ.

ಕಂಬಳಿಯೇ ಶ್ರೇಷ್ಠ ಎಂದು ನಾವು ಜೈಕಾರ ಹಾಕುವುದಿಲ್ಲ. ಅದು ಭಾರ, ಚುಚ್ಚುತ್ತದೆ, ತೋಳಿಲ್ಲ. ಕುರಿ ಕಾಯುವವರ ಮನೆಗಳಲ್ಲೇ ಈಗ ತುಪ್ಪಟಕ್ಕೆ ಬೆಲೆಯಿಲ್ಲದೆ ಕತ್ತರಿಸಿದ ಕೂಲಿಯೂ ಹುಟ್ಟದೆ ಬಿಸಾಡುವುದನ್ನು ನಾವು ನೋಡಿದ್ದೇವೆ. ಒಂದು ಕಡೆ ಅದನ್ನು ಬಿಸಾಡಿ, ಇನ್ನೊಂದು ಕಡೆ ಪಾಲಿಯೆಸ್ಟರ್ ತುಪ್ಪಳಕ್ಕೆ ‘ಒರಿಜಿನಲ್ ಉಣ್ಣೆ’ ಎಂದು 1,899 ಕೊಡುವುದು ನಮ್ಮ ಹೊಟ್ಟೆ ಉರಿಸುತ್ತದೆ, ಅಷ್ಟೇ.

ಹುಡುಗನಿಗೆ ಕೊನೆಗೆ ನಾವು ಬರೆದದ್ದು ಹೀಗೆ. ಒಳಗೆ ಮೈಗಂಟುವ ಬನಿಯನ್ನು. ಅದರ ಮೇಲೆ ನಿಜವಾದ ಉಣ್ಣೆಯ ಸ್ವೆಟರು, ಹಳೆಯದಾದರೂ ಸರಿ. ಅದರ ಮೇಲೆ ಮಳೆಗಾಲದ ರೇನ್‌ಕೋಟಿನ ಮೇಲಂಗಿ, ಒಂದು ಸೈಜ್ ದೊಡ್ಡದು, ಯಾಕೆಂದರೆ ಸ್ವೆಟರು ಅದುಮಿದರೆ ಒಳಗಿನ ಗಾಳಿ ಹೋಗಿ ಬಿಸಿಯೂ ಹೋಗುತ್ತದೆ. ಮಣಿಕಟ್ಟಿಗೆ ಎಲಾಸ್ಟಿಕ್ ಹೊಲಿಸು. ಸೊಂಟಕ್ಕೆ ಒಂದು ಹುರಿ ಕಟ್ಟು. ಕುತ್ತಿಗೆಗೆ ಮಫ್ಲರ್, ತುದಿಗಳನ್ನು ಒಳಗೆ ಸಿಕ್ಕಿಸು, ಚಕ್ರಕ್ಕೆ ಸಿಗದ ಹಾಗೆ. ಮಾರುಕಟ್ಟೆ ಮುಟ್ಟಿದ ಕೂಡಲೇ ಮೇಲಂಗಿ ತೆಗೆ, ಇಲ್ಲದಿದ್ದರೆ ಮೂಟೆ ಇಳಿಸುವಾಗ ಬೆವರಿ, ವಾಪಸು ಬರುವಾಗ ನಡುಗುತ್ತೀಯ.

ಹದಿನೈದು ದಿನ ಸುದ್ದಿಯಿಲ್ಲ. ನಮ್ಮ ಉತ್ತರ ಅವನಿಗೆ ಹಿಡಿಸಲಿಲ್ಲ, 1,899ರದ್ದು ತರಿಸಿಕೊಂಡಿರುತ್ತಾನೆ ಎಂದುಕೊಂಡೆವು. ಜನವರಿಯ ಒಂದು ಬೆಳಿಗ್ಗೆ ಮಾರುಕಟ್ಟೆಯಿಂದ ಫೋಟೋ ಬಂತು. ನೀಲಿ ರೇನ್‌ಕೋಟು, ಒಳಗೆ ಅವನ ಅಕ್ಕನ ಗಂಡನ ಹಳೇ ಸ್ವೆಟರು, ಎರಡು ಪಟ್ಟು ದಪ್ಪ ಕಾಣುತ್ತಿದ್ದ. ಹಮಾಲರು ಅವನಿಗೆ ಪೈಲಟ್ ಎಂದು ಹೆಸರಿಟ್ಟಿದ್ದಾರಂತೆ, ನಾವು ಕಳಿಸಿದ್ದ ಬಿ-3ಯ ಹಳೇ ಫೋಟೋವನ್ನು ಅವನೇ ಎಲ್ಲರಿಗೂ ತೋರಿಸಿದ್ದಕ್ಕೆ.

ಕೆಳಗೆ ಬರೆದಿದ್ದ: “ಎದೆ ಬೆಚ್ಚಗೈತಣ್ಣ. ಬೆರಳು ಮಾತ್ರ ಇನ್ನೂ ಬಗ್ಗವಲ್ಲವು. ಮುಂದಿನ ಸಲ ಗ್ಲೌಸ್ ಬಗ್ಗೆ ಬರೀರಿ.”